ರಕ್ತ ಪರೀಕ್ಷೆ ಮಾಡಿಸೋಣ, ಒತ್ತಾಯ ಬೇಡ



ಸಬಲೀಕರಣ ಎಂಬ ಮಾತು ತರಬೇತಿಗಳಲ್ಲಿ ಕೇಳಿ ಕೇಳಿ ನಿಮಗೆ ಸಾಕಾಗಿರಬಹುದು. ಆರೋಗ್ಯದ ವಿಷಯದಲ್ಲಿ ಅದರ ಅರ್ಥವೇನು? 1978ರಲ್ಲಿ ಆಲ್ಮಾ ಆಟಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವು, ತಮ್ಮ ಆರೋಗ್ಯ ಸೇವೆಯನ್ನು ಯೋಜಿಸುವುದರಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕು ಮತ್ತು ಕರ್ತವ್ಯ ಎಂದು ಸಾರಿತು. ನಾವು ಕರ್ತವ್ಯವನ್ನು ಹೇಳ್ತೇವೆ, ಹಕ್ಕನ್ನು ಮರೀತೇವೆ.

ಸಿಕಲ್ ಸೆಲ್, ಅಂದರೆ ಕುಡುಗೋಲು ಕಣ ಕಾಯಿಲೆಯನ್ನೇ ನೋಡಿ. ಆದಿವಾಸಿ ಪ್ರದೇಶಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷಿಸುವ ಗುರಿಯಿಟ್ಟು ಕೇಂದ್ರ ಸರ್ಕಾರ 2023ರ ಜುಲೈ 1ರಂದು ಅಭಿಯಾನ ಆರಂಭಿಸಿತು. ಕರ್ನಾಟಕವೂ ಅದರಲ್ಲಿದೆ. ನಮ್ಮ ಜೇನುಕುರುಬ, ಯರವ ಹಾಡಿಗಳ ಸಂಘಗಳು ಇದನ್ನು ತಿಳಿದಿರಬೇಕು.

ಈ ಕಾಯಿಲೆಯಲ್ಲಿ ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ತಡೆಯಲಾರದ ನೋವು. ಇದು ಅಂಟುರೋಗವಲ್ಲ. ತಂದೆ, ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಒಬ್ಬರಿಂದ ಬಂದರೆ ಮಗು ವಾಹಕ, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಸೊಸೆಯನ್ನೇ ದೂರುವ ಅತ್ತೆಯರು ಗಮನಿಸಿ, ಮಗನ ಪಾಲೂ ಅಷ್ಟೇ ಇದೆ!

ಈಗ ಕಷ್ಟದ ಮಾತು. "ಪರೀಕ್ಷೆ ಮಾಡಿಸದಿದ್ದರೆ ಸಾಲ ಇಲ್ಲ ಅಂತ ಠರಾವು ಮಾಡೋಣ, ಒಳ್ಳೇದಕ್ಕೇ ತಾನೇ ಸಿಸ್ಟರ್?" ಎಂದು ನೀವು ಕೇಳಬಹುದು. ಬೇಡ. ಮಗುವಿನ ಶಾಲೆ ಖರ್ಚಿಗೆ ಸಾಲ ಬೇಕಾದವಳು ಹೂಂ ಎಂದರೆ ಅದು ಒಪ್ಪಿಗೆಯಲ್ಲ, ಬೇರೆ ದಾರಿಯಿಲ್ಲದ್ದು. ವಿವರಿಸಿ ಹೇಳಿ, ಜೊತೆಗೆ ಹೋಗಿ, ಬೇಡ ಎಂದರೆ ಬಿಡಿ. ಇನ್ನೊಮ್ಮೆ ಕೇಳಬಹುದಲ್ಲ. ಫಲಿತಾಂಶವನ್ನು ಮಾತ್ರ ಸಂಘದ ಸಭೆಯಲ್ಲಿ ಓದಲೇಬಾರದು. ತೋಟದ ರೈಟರ್ ಕಿವಿಗೆ ಬಿದ್ದರೆ ಕೆಲಸದ ಭಯ, ಊರಿಗೆ ಗೊತ್ತಾದರೆ ಹುಡುಗಿಯ ಮದುವೆಯ ಚಿಂತೆ. ಕಾರ್ಡ್ ಅವಳದು. ಯಾರಿಗೆ ತೋರಿಸಬೇಕು ಅನ್ನೋದು ಅವಳಿಗೇ ಬಿಟ್ಟದ್ದು.

ಪರೀಕ್ಷೆ ಮಾಡಿ ಕೈಬಿಡುವುದೂ ಅನ್ಯಾಯವೇ. ಕಾಯಿಲೆ ಇದ್ದವರಿಗೆ ಹೈಡ್ರಾಕ್ಸಿಯೂರಿಯಾ ಮಾತ್ರೆ ಎಲ್ಲಿ ಸಿಗುತ್ತದೆ, ತಿಂಗಳು ತಿಂಗಳು ಸಿಗುತ್ತದೆಯೇ ಎಂದು ಆಶಾ ಕಾರ್ಯಕರ್ತೆಯನ್ನು, ವೈದ್ಯರನ್ನು ಸಂಘವಾಗಿ ಕೇಳಿ.

ಇನ್ನೊಂದು. ಚಳಿ, ಮೈಯಲ್ಲಿ ನೀರು ಕಡಿಮೆಯಾಗುವುದು ಈ ನೋವನ್ನು ಕೆರಳಿಸುತ್ತವೆ. "ಚೆನ್ನಾಗಿ ನೀರು ಕುಡೀರಿ" ಅನ್ನೋದು ಸುಲಭ. ಕಾಫಿ ಕೊಯ್ಯುವ ಜಾಗದಲ್ಲಿ ಶೌಚಾಲಯವಿಲ್ಲದಿದ್ದರೆ ಯಾವ ಹೆಂಗಸು ನೀರು ಕುಡಿದಾಳು? ದೊಡ್ಡ ತೋಟಗಳಲ್ಲಿ ಕುಡಿಯುವ ನೀರು, ಶೌಚಾಲಯ ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಮುಂದಿನ ಕೊಯ್ಲು ಶುರುವಾಗುವ ಮುಂಚೆಯೇ ಮಾಲೀಕರ ಬಳಿ ಇದನ್ನು ಕೇಳಲು ಒಬ್ಬೊಬ್ಬರೇ ಹೋಗಬೇಡಿ, ಸಂಘದವರೆಲ್ಲ ಸೇರಿ ಹೋಗಿ.