ಹಳೆ ಗೋಡೆಗೆ ನಾರಿನ ಗಾರೆ

ಹಳೆಯ ಕಟ್ಟಡದ ದುರಸ್ತಿಗೆ ಸಿಮೆಂಟ್ ಯಾಕೆ ಬೇಡ ಎಂದರೆ, ಅದು ಅತಿ ಗಟ್ಟಿ ಎಂಬುದೇ ಮೊದಲ ಕಾರಣ. ಸುಣ್ಣದ ಗಾರೆ ಬಲಿತ ಮೇಲೂ ಸಾಮಾನ್ಯವಾಗಿ ತಾಳುವುದು ಒಂದೆರಡು ಮೆಗಾಪಾಸ್ಕಲ್ ಒತ್ತಡವನ್ನಷ್ಟೆ. ಸಿಮೆಂಟ್ ಗಾರೆ ಅದರ ಹಲವು ಪಟ್ಟು ತಾಳುತ್ತದೆ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಗೋಡೆಯಲ್ಲಿ ಏನಾದರೊಂದು ಬಿರಿಯಲೇಬೇಕು. ಗಾರೆ ಮೆದುವಾಗಿದ್ದರೆ ಸಂದು ಬಿರಿಯುತ್ತದೆ, ಗಡುಸಾಗಿದ್ದರೆ ಕಲ್ಲು ಒಡೆಯುತ್ತದೆ. ಸಂದನ್ನು ಮತ್ತೆ ತುಂಬಬಹುದು. ಕೆತ್ತನೆಯ ಕಲ್ಲನ್ನು ಎಲ್ಲಿಂದ ತರುವುದು? ಸಾಲದ್ದಕ್ಕೆ, ಸಿಮೆಂಟ್ ತೇವವನ್ನು ಸುಲಭವಾಗಿ ಹೊರಬಿಡದು. ಆ ತೇವ ಕಲ್ಲಿನ ಮೂಲಕವೇ ಆರುವಾಗ ಜೊತೆಗೆ ಬಂದ ಲವಣ ರಂಧ್ರಗಳಲ್ಲಿ ಹರಳುಗಟ್ಟಿ ಕಲ್ಲನ್ನು ಪುಡಿಯಾಗಿಸುತ್ತದೆ.

ಹಾಗೆಂದು ಸುಣ್ಣಕ್ಕೆ ಕುಂದಿಲ್ಲವೆಂದಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಮತ್ತೆ ಸುಣ್ಣಕಲ್ಲಿನ ರೂಪಕ್ಕೆ ಮರಳುವುದು ಬಲು ನಿಧಾನ. ದಪ್ಪ ಗೋಡೆಯ ಒಡಲಲ್ಲಿ ವರ್ಷಗಳೇ ಹಿಡಿಯುತ್ತವೆ. ಅಷ್ಟರೊಳಗೆ ನೀರಾರಿ ಗಾರೆ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ನಾರು ಬೇಕಾಗುವುದು ಇಲ್ಲಿ. ಅದು ಬಿರುಕಿನ ಎರಡು ಅಂಚನ್ನೂ ಹಿಡಿದು ನಿಲ್ಲುವುದರಿಂದ ಒಂದು ದೊಡ್ಡ ಸೀಳಿನ ಜಾಗದಲ್ಲಿ ಹಲವು ಕೂದಲೆಳೆಯ ಗೀರುಗಳಷ್ಟೇ ಮೂಡುತ್ತವೆ. ಗೋಡೆ ಅಲುಗಿದಾಗ ಎಳೆಗಳು ಒಂದೊಂದಾಗಿ ಕಿತ್ತುಬರುತ್ತ ಆ ಶಕ್ತಿಯನ್ನು ನುಂಗುತ್ತವೆ. ಒತ್ತಡ ತಾಳುವ ಬಲ ಮಾತ್ರ ಹೆಚ್ಚೇನೂ ಏರುವುದಿಲ್ಲ, ಕೆಲವೊಮ್ಮೆ ಇಳಿಯುವುದೂ ಉಂಟು. ಆ ಒಂದು ಅಂಕಿ ಹಿಡಿದು ನಾರನ್ನು ತಳ್ಳಿಹಾಕುವವರು ಬೇರೇನನ್ನೋ ಅಳೆಯುತ್ತಿದ್ದಾರೆ. ನಾರು ಬೆರೆಸುವುದು ಹೊಸದೇನಲ್ಲ: ಎಲ್ಲೋರದ ಮಣ್ಣಿನ ಗಿಲಾವಿನಲ್ಲಿ ಭಂಗಿ ಗಿಡದ ನಾರು ಸಿಕ್ಕಿದೆ. ಜಪಾನಿನ ಸುಣ್ಣದ ಗಿಲಾವು ಶಿಕ್ಕುಯಿಗೂ ಸಾಂಪ್ರದಾಯಿಕವಾಗಿ ಬೆರೆಸುವುದು ಅದನ್ನೇ.

ನಾರು ಕೊಳೆಯುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಸಿ ಸುಣ್ಣದ ಪಿಎಚ್ 12ಕ್ಕೂ ಹೆಚ್ಚು. ಅಷ್ಟು ಕ್ಷಾರ ಸಸ್ಯನಾರನ್ನು ಮೆಲ್ಲಗೆ ತಿನ್ನುತ್ತದೆ. ಆದರೆ ಗಿಲಾವು ಕುಗ್ಗಿ ಬಿರಿಯುವ ಅಪಾಯ ಹೆಚ್ಚಿರುವುದು ಆರಂಭದ ದಿನಗಳಲ್ಲಿ. ಆ ಹೊತ್ತು ದಾಟಿಸಿದರೆ ಸಣಬಿನಂಥ ಸಸ್ಯನಾರು ತನ್ನ ಮುಖ್ಯ ಕೆಲಸ ಮುಗಿಸಿದಂತೆ. ಭೂಕಂಪಕ್ಕಾಗಿ ದಶಕಗಟ್ಟಲೆ ಕಾದಿರಬೇಕಾದ ಎಳೆಯ ಮಾತು ಬೇರೆ. ಸಾಮಾನ್ಯ ಗಾಜಿನೆಳೆಯನ್ನು ಕ್ಷಾರ ಕೊರೆಯುತ್ತದೆ, ಜಿರ್ಕೋನಿಯಾ ಬೆರೆತ ಗಾಜು ತಡೆದುಕೊಳ್ಳುತ್ತದೆ. ಭೂಕಂಪದ ನಾಡಾದ ಇಟಲಿಯಲ್ಲಿ ಇಂಥ ಎಳೆಯ ಬಲೆಯನ್ನು ಸುಣ್ಣದ ಗಾರೆಯಲ್ಲಿ ಹುದುಗಿಸಿ ಹಳೆಯ ಗೋಡೆಗಳಿಗೆ ಹೊದಿಸುವುದುಂಟು. ಕಬ್ಬಿಣವಂತೂ ಸಲ್ಲದು. ಸುಣ್ಣ ಬಲಿಯುತ್ತ ಕ್ಷಾರ ಕಳೆದುಕೊಳ್ಳುವುದರಿಂದ ತುಕ್ಕಿಗೆ ತಡೆಯಿರುವುದಿಲ್ಲ. ತುಕ್ಕು ಏನು ಮಾಡಬಲ್ಲದೆಂಬುದಕ್ಕೆ ಅಥೆನ್ಸಿನ ಅಕ್ರೊಪೊಲಿಸ್ ಸಾಕ್ಷಿ: 20ನೆಯ ಶತಮಾನದ ಆರಂಭದಲ್ಲಿ ಎಂಜಿನಿಯರ್ ಬಲನೋಸ್ ದುರಸ್ತಿಗೆಂದು ಹಾಕಿಸಿದ ಕಬ್ಬಿಣದ ಕೊಂಡಿಗಳು ಉಬ್ಬಿ ಅಮೃತಶಿಲೆಯನ್ನು ಸೀಳಿದವು, ಅವನ್ನು ತೆಗೆದು ಟೈಟಾನಿಯಂ ಕೂರಿಸಬೇಕಾಯಿತು.

ಪುರಾತನ ಗೋಡೆಗೆ ಕಾರ್ಖಾನೆಯ ಎಳೆ ತುರುಕುವುದು ಸರಿಯೇ? ಸಾಂಪ್ರದಾಯಿಕ ವಿಧಾನ ಸಾಲದೆಂದು ಕಂಡುಬಂದರೆ, ಪರೀಕ್ಷೆಗೂ ಅನುಭವಕ್ಕೂ ನಿಂತ ಹೊಸ ತಂತ್ರ ಬಳಸಬಹುದೆನ್ನುತ್ತದೆ ಸ್ಮಾರಕ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದು. ಮೊದಲ ಷರತ್ತನ್ನು ಜಿಗಿದು ಎರಡನೆಯದಕ್ಕೆ ಹೋಗುವವರೇ ಹೆಚ್ಚು. ಬರಿಯ ಗಿಲಾವಿಗೆ ಸಣಬು ಸಾಕು. ಬಲೆ ಬೇಕೇಬೇಕೆಂದಾದರೆ ಅದನ್ನು ಎಪಾಕ್ಸಿ ಅಂಟಿಗಿಂತ ಸುಣ್ಣದಲ್ಲಿ ಕೂರಿಸುವುದು ಮೇಲು: ತೇವ ಹೊರಹೋಗಲು ದಾರಿಯಿರುತ್ತದೆ, ಮುಂದೊಮ್ಮೆ ಕಿತ್ತು ತೆಗೆಯಬೇಕಾದಾಗ ಕಲ್ಲಿಗೆ ಆಗುವ ಪೆಟ್ಟೂ ಕಡಿಮೆ.