ನಡುವೆ ಒಂದೇ ಗೋಡೆ

ಪತ್ತೇದಾರಿ ಕಾದಂಬರಿ ಒಯ್ಯುವವರು ಕೊನೆ ಹೇಳಬೇಡಿ ಅನ್ನುತ್ತಾರೆ. ನಗಿಸುವ ಪ್ರೇಮಕಥೆ ಒಯ್ಯುವವರು ಕೊನೆಯನ್ನು ಖಾತ್ರಿ ಮಾಡಿಕೊಂಡೇ ಒಯ್ಯುತ್ತಾರೆ. ಹಾಸನದಲ್ಲಿ ನಾನು ಬಾಡಿಗೆ ಪುಸ್ತಕದ ಲೈಬ್ರರಿ ನಡೆಸುತ್ತಿದ್ದಾಗ ದಿನಾ ಕಿವಿಗೆ ಬೀಳುತ್ತಿದ್ದ ಪ್ರಶ್ನೆ ಇದು: "ಕೊನೇಲಿ ಮದುವೆ ಆಗುತ್ತೆ ತಾನೆ ಆಂಟಿ? ಅಳಿಸೋದಾದ್ರೆ ಬೇಡ." ಆಗುತ್ತೆ ಕಣಮ್ಮ, ತಗೊಂಡು ಹೋಗು ಅಂದರೆ ಸಾಕು, ಪುಸ್ತಕ ಬ್ಯಾಗಿಗೆ ಇಳಿಯುತ್ತಿತ್ತು.

ಮದುವೆ ಆಗುತ್ತದೆಂದು ಗೊತ್ತಿದ್ದೂ ಮುನ್ನೂರು ಪುಟ ಓದುವುದೇಕೆ? ಕೌಂಟರಿನ ಹಿಂದೆ ಕೂತು ನಾನು ಕಂಡುಕೊಂಡದ್ದು ಇಷ್ಟು. ಆ ಇಬ್ಬರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರಬೇಕು. ಅವರು ಒಬ್ಬರಿಂದೊಬ್ಬರು ತಪ್ಪಿಸಿಕೊಂಡು ಹೋಗಲಾಗದಂಥ ಇಕ್ಕಟ್ಟಿನ ಜಾಗದಲ್ಲಿರಬೇಕು. ಎರಡೂ ಕೂಡಿದರೆ ಪ್ರೇಮ ತಡವಾಗಿ ಬಂದರೂ ಓದುಗರು ಕಾಯುತ್ತಾರೆ.

ಇದನ್ನು ಅತ್ಯಂತ ಅಚ್ಚುಕಟ್ಟಾಗಿ ಹೆಣೆದವನು ಹಂಗೇರಿಯ ನಾಟಕಕಾರ ಮಿಕ್ಲೋಶ್ ಲಾಸ್ಲೋ. ಬುಡಾಪೆಸ್ಟಿನ ಸುಗಂಧದ್ರವ್ಯದ ಅಂಗಡಿಯೊಂದರ ಸುತ್ತ ಅವನು ಬರೆದ ನಾಟಕ 1937ರದು. 1940ರಲ್ಲಿ ಅರ್ನ್ಸ್ಟ್ ಲುಬಿಚ್ ಅದನ್ನು 'ದ ಶಾಪ್ ಅರೌಂಡ್ ದ ಕಾರ್ನರ್' ಎಂದು ಹಾಲಿವುಡ್ಡಿನಲ್ಲಿ ಸಿನಿಮಾ ಮಾಡಿದ. ಸುಗಂಧದ ಅಂಗಡಿ ಅಲ್ಲಿ ಚರ್ಮದ ಸಾಮಾನಿನ ಅಂಗಡಿಯಾಯಿತು, ಊರು ಮಾತ್ರ ಬುಡಾಪೆಸ್ಟೇ. ಕ್ರಾಲಿಕ್ ಹಿರಿಯ ಗುಮಾಸ್ತ, ಕ್ಲಾರಾ ಹೊಸದಾಗಿ ಸೇರಿದವಳು. ಬೆಳಗಿನಿಂದ ಸಂಜೆಯವರೆಗೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಆದರೆ ಇಬ್ಬರೂ ಮುಖ ಕಾಣದ ಯಾರಿಗೋ ಕಾಗದ ಬರೆಯುತ್ತಿರುತ್ತಾರೆ. ಸಾಹಿತ್ಯ, ಸಂಸ್ಕೃತಿ ಎಂದು ದೊಡ್ಡ ದೊಡ್ಡ ಮಾತು. ಆ 'ಯಾರೋ' ಯಾರೆಂದು ನಿಮಗಾಗಲೇ ಹೊಳೆದಿರುತ್ತದೆ.

ಮೊದಲ ಭೇಟಿಗೆ ಗೊತ್ತುಮಾಡಿದ್ದು ಒಂದು ಕೆಫೆ. ಗುರುತಿಗೆ 'ಅನ್ನಾ ಕರೆನಿನಾ' ಕಾದಂಬರಿ, ಜೊತೆಗೊಂದು ಕಾರ್ನೇಷನ್ ಹೂವು. ಅದೇ ಸಂಜೆ ಕ್ರಾಲಿಕ್ಕನ ಕೆಲಸ ಹೋಗಿದೆ. ಒಳಗೆ ಹೋಗಲು ಧೈರ್ಯ ಸಾಲದೆ ಸಹೋದ್ಯೋಗಿ ಪಿರೋವಿಚ್‌ಗೆ ಕಿಟಕಿಯಲ್ಲಿ ಇಣುಕಲು ಹೇಳುತ್ತಾನೆ. ಪಿರೋವಿಚ್ ಇಣುಕುತ್ತಾನೆ, ತಬ್ಬಿಬ್ಬಾಗುತ್ತಾನೆ, ಆಮೇಲೆ ಸುತ್ತಿ ಬಳಸಿ ಕ್ಲಾರಾಳ ಅಂದವನ್ನು ಹೊಗಳಲು ತೊಡಗುತ್ತಾನೆ! ಆ ಒಂದು ನಿಮಿಷಕ್ಕಾಗಿ ನಾನು ಇಡೀ ಸಿನಿಮಾ ಮತ್ತೆ ಹಾಕಿಕೊಂಡು ಕೂತದ್ದಿದೆ. ಕೊನೆಗೆ ಕ್ರಾಲಿಕ್ ಒಳಗೆ ಹೋಗುತ್ತಾನೆ, ಕಾಗದದವನು ತಾನೇ ಎಂದು ಮಾತ್ರ ಬಾಯಿಬಿಡುವುದಿಲ್ಲ. ಯಾರನ್ನೋ ಕಾಯುತ್ತಿರುವಾಗ ಈ ಪೀಡೆ ಎಲ್ಲಿಂದ ಬಂತು ಎಂದು ಅವಳು ಅವನ ಮಾನ ಕಳೆಯುತ್ತಾಳೆ. ಅಲ್ಲಿಂದ ಮುಂದೆ ಗುಟ್ಟು ಅವನದು, ಪಿರೋವಿಚ್‌ನದು, ನಮ್ಮದು. ಅವಳೊಬ್ಬಳಿಗೆ ಗೊತ್ತಿಲ್ಲ.

ನಗುವಿನ ಕೆಳಗೆ ಏನಿದೆ ನೋಡಿ. ಕೆಲಸ ಹೋದರೆ ಇನ್ನೊಂದು ಸಿಕ್ಕದ ಕಾಲ. ಮಾಲೀಕ ಮತುಶೆಕ್ ತನ್ನ ಹೆಂಡತಿಯ ವಿಷಯದಲ್ಲಿ ಕ್ರಾಲಿಕ್ಕನ ಮೇಲೆ ಸುಳ್ಳು ಅನುಮಾನಪಟ್ಟು ಅವನನ್ನು ಮನೆಗೆ ಕಳಿಸಿರುತ್ತಾನೆ. ನಿಜ ತಿಳಿದಾಗ ಪ್ರಾಣ ಕಳೆದುಕೊಳ್ಳಲು ಹೊರಟವನನ್ನು ಅಂಗಡಿಯ ಹುಡುಗ ಉಳಿಸುತ್ತಾನೆ. ಲುಬಿಚ್ ಬರ್ಲಿನ್ನಿನ ದರ್ಜಿಯ ಮಗ, ಅಪ್ಪನ ವ್ಯಾಪಾರದಲ್ಲಿ ದುಡಿದವನು. ಧಣಿಯ ಹುಬ್ಬು ಏರಿದರೆ ಗುಮಾಸ್ತನ ಹೊಟ್ಟೆಯಲ್ಲಿ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇದೇ ಕಥೆ 1998ರಲ್ಲಿ 'ಯೂವ್ ಗಾಟ್ ಮೇಲ್' ಆಗಿ ನ್ಯೂಯಾರ್ಕಿಗೆ ಬಂತು. ಕಾಗದದ ಜಾಗದಲ್ಲಿ ಇಮೇಲು, 'ಅನ್ನಾ ಕರೆನಿನಾ' ಜಾಗದಲ್ಲಿ ಜೇನ್ ಆಸ್ಟಿನ್ನಳ 'ಪ್ರೈಡ್ ಅಂಡ್ ಪ್ರೆಜುಡಿಸ್'. ನಾಯಕನ ದೊಡ್ಡ ಮಳಿಗೆಯಿಂದಾಗಿ ನಾಯಕಿಯ ಪುಟ್ಟ ಪುಸ್ತಕದಂಗಡಿ ಮುಚ್ಚಿಹೋಗುತ್ತದೆ, ಅವಳು ಅವನನ್ನೇ ಒಪ್ಪುತ್ತಾಳೆ. ಪುಸ್ತಕದ ಲೈಬ್ರರಿ ನಡೆಸಿದವಳಾಗಿ ನಾನಂತೂ ಅವನನ್ನು ಅಷ್ಟು ಬೇಗ ಕ್ಷಮಿಸುತ್ತಿರಲಿಲ್ಲ.

ನಮ್ಮಲ್ಲಿ ಇಂಥ ಇಕ್ಕಟ್ಟಿಗೆ ಬುಡಾಪೆಸ್ಟಿನ ಅಂಗಡಿ ಬೇಕಾಗಿರಲಿಲ್ಲ, ವಠಾರ ಇತ್ತು. 1990ರ 'ಗಣೇಶನ ಮದುವೆ' ಸಿನಿಮಾದಲ್ಲಿ ನಿರ್ದೇಶಕ ಫಣಿ ರಾಮಚಂದ್ರ ಕಟ್ಟಿಕೊಟ್ಟ ರಮಣಮೂರ್ತಿ ವಠಾರವನ್ನು ಮರೆತ ಕನ್ನಡಿಗರು ಕಡಿಮೆ. ಬಾಡಿಗೆದಾರ ವೈ.ಜಿ. ರಾವ್ ಅನಂತನಾಗ್, ವಠಾರದ ಮಾಲೀಕ ಮುಖ್ಯಮಂತ್ರಿ ಚಂದ್ರು, ಅವರ ಮಗಳು ಆದಿಲಕ್ಷ್ಮಿ ವಿನಯಾ ಪ್ರಸಾದ್. ಎದುರಾದರೆ ಜಗಳ. ಅವನೋ, ಶ್ರುತಿ ಎಂಬ ಗಾಯಕಿಯ ಕಂಠಕ್ಕೆ ಮನಸೋತು ಕಾಗದ ಬರೆಯುತ್ತಾನೆ. ಶ್ರುತಿ ಬೇರೆ ಯಾರೂ ಅಲ್ಲ, ಅದೇ ಆದಿಲಕ್ಷ್ಮಿ!

ವಠಾರದಲ್ಲಿ ಇದ್ದವರಿಗೆ ಗೊತ್ತು. ಪಕ್ಕದ ಮನೆಯ ಒಗ್ಗರಣೆಗೆ ನಿಮ್ಮ ಮನೆಯಲ್ಲಿ ಸೀನು ಬರುತ್ತದೆ. ಯಾರ ಮನೆಗೆ ಗಂಡಿನ ಕಡೆಯವರು ಬಂದರು, ಯಾರ ಬಾಡಿಗೆ ಬಾಕಿ, ನಲ್ಲಿಯ ಮುಂದೆ ಯಾರ ಬಿಂದಿಗೆಯನ್ನು ಯಾರು ಪಕ್ಕಕ್ಕೆ ಸರಿಸಿದರು, ಎಲ್ಲವೂ ಎಲ್ಲರಿಗೂ ತಿಳಿದಿರುತ್ತದೆ. ಅಂಥ ಕಡೆ ಒಂದೇ ಒಂದು ವಿಷಯ ಇಬ್ಬರಿಗೆ ತಿಳಿಯದೆ ಉಳಿಯುವುದಿದೆಯಲ್ಲ, ತಮಾಷೆ ಇರುವುದೇ ಅಲ್ಲಿ. ಮನೆಗಳು ದೂರ ದೂರ ಇದ್ದಿದ್ದರೆ ಅದು ಬರೀ ಕಾಕತಾಳೀಯ ಆಗುತ್ತಿತ್ತು.

ಇಂಗ್ಲಿಷಿನ ಪಿ.ಜಿ. ವೋಡ್‌ಹೌಸ್ ಇಕ್ಕಟ್ಟಿನ ಬದಲು ಅರಮನೆಯಂಥ ಬ್ಲಾಂಡಿಂಗ್ಸ್ ಬಂಗಲೆ ಕಟ್ಟಿದ, ಆದರೆ ಅದರ ಬೀಗದ ಕೈಯನ್ನು ಗಟ್ಟಿಗಿತ್ತಿ ಅತ್ತೆಯರ ಸೊಂಟಕ್ಕೆ ಸಿಕ್ಕಿಸಿದ. 1929ರ 'ಸಮ್ಮರ್ ಲೈಟ್ನಿಂಗ್'ನಲ್ಲಿ ರಾನಿ ಎಂಬ ಹುಡುಗನಿಗೆ ತಾನು ಮೆಚ್ಚಿದವಳನ್ನು ಮದುವೆಯಾಗಲು ದುಡ್ಡು ಬೇಕು, ಅದು ಮಾವನ ಕೈಯಲ್ಲಿದೆ. ಮಾವನ ಮುದ್ದಿನ ಬಹುಮಾನದ ಹಂದಿಯನ್ನು ಕದ್ದು, ತಾನೇ ಹುಡುಕಿಕೊಟ್ಟಂತೆ ನಟಿಸಿ ಕೃಪೆ ಗಳಿಸುವುದು ಅವನ ಉಪಾಯ. ಹಂದಿಯ ಹೆಸರು ಎಂಪ್ರೆಸ್, ಮಹಾರಾಣಿ! ಕತೆ ಇಷ್ಟು ಬಾಲಿಶವಾದರೂ ಲೆಕ್ಕ ಎಲ್ಲೂ ತಪ್ಪುವುದಿಲ್ಲ. ಬಾಗಿಲು ತೆರೆದ ಕೂಡಲೇ ಅಲ್ಲಿ ಇರಬಾರದವರೇ ಇರುತ್ತಾರೆ.

ನನ್ನ ಕಪಾಟಿನಲ್ಲಿ ಕನ್ನಡದ ಹಾಸ್ಯ ಹೆಚ್ಚಾಗಿ ಹರಟೆ, ಪ್ರಬಂಧಗಳ ರೂಪದಲ್ಲಿತ್ತು. ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ 'ಕೊರವಂಜಿ' ಬೆಳೆಸಿದ ರುಚಿ ಅದು, ಟಿ. ಸುನಂದಮ್ಮನವರ ಪುಸ್ತಕ ವಾಪಸ್ ಬಂದ ದಿನವೇ ಮತ್ತೆ ಹೊರಡುತ್ತಿತ್ತು. ಪ್ರೇಮದ ಕಾದಂಬರಿಗಳೋ, ಬೇರೆ ಕಪಾಟು, ಅಲ್ಲಿ ಕಣ್ಣೀರು ಜಾಸ್ತಿ. ಎರಡೂ ಒಂದರಲ್ಲೇ ಬೇಕೆನ್ನುವವರಿಗೆ ಕೊಡಲು ಹುಡುಕಾಡಬೇಕಾಗುತ್ತಿತ್ತು.

ಲೈಬ್ರರಿ ಮುಚ್ಚಿತು. ಈಗ ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೂತು ಇಂಥದೊಂದು ಕಥೆ ಬರೆಯಲು ಹೊರಟಿದ್ದಾಳೆ. ಅವಳ ತಾಪತ್ರಯವೇ ಬೇರೆ. "ದೊಡ್ಡಮ್ಮ, ಈಗ ಯಾರೂ ಯಾರಿಗೂ ಗೊತ್ತಿಲ್ಲದೆ ಇರೋಕಾಗಲ್ಲ. ನಂಬರ್ ಸೇವ್ ಮಾಡಿದ್ರೆ ಡಿಪಿ ಕಾಣುತ್ತೆ" ಅನ್ನುತ್ತಾಳೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಫ್ಲಾಟಿನವರು ಯಾರು ಅಂತ ಕೇಳಿದೆ. ಮುಖ ನೋಡಿಲ್ಲವಂತೆ. ಆದರೆ ಅವರ ಕಾರು ಇವಳ ಸ್ಕೂಟರಿನ ಜಾಗದಲ್ಲಿ ನಿಲ್ಲುತ್ತದೆಂದು ವಾಟ್ಸಾಪ್ ಗ್ರೂಪಿನಲ್ಲಿ ತಿಂಗಳಿನಿಂದ ಜಗಳ ನಡೆದಿದೆಯಂತೆ. ಅಲ್ಲಿ ಹೆಸರಿಲ್ಲ, ಫೋಟೋ ಇಲ್ಲ, ಬರೀ ಫ್ಲಾಟ್ ನಂಬರು.

"ಇನ್ನೇನು ಬೇಕೇ ನಿಂಗೆ?" ಅಂದೆ. "ಮೊದಲು ಆ ಪಾರ್ಕಿಂಗ್ ಜಗಳ ಬರಿ."