ಮೂತ್ರಪಿಂಡ ಕಸಿಯ ಅನಂತರದ ಮಧುಮೇಹ

ಎರಡೂ ಮೂತ್ರಪಿಂಡಗಳು ಕೆಟ್ಟು ಹೋದ ಮನುಷ್ಯನಿಗೆ ಇನ್ನೊಬ್ಬರ ಮೂತ್ರಪಿಂಡವನ್ನು ಜೋಡಿಸಿ ಬದುಕಿಸುವುದು ವೈದ್ಯವಿಜ್ಞಾನದ ಮಹತ್ತರ ಸಾಧನೆಗಳಲ್ಲೊಂದು. 1954ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆಯವರು ತದ್ರೂಪಿ ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಮತ್ತೊಬ್ಬನಿಗೆ ಕಸಿ ಮಾಡಿ ಯಶಸ್ವಿಯಾದರು. ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಈ ಕಾರ್ಯ ಕೈಗೂಡಿತು. ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ರೋಗಿಗಳಿಗೆ ಬೆಳಗಾವಿಯಲ್ಲಿಯೇ ಈ ಚಿಕಿತ್ಸೆ ದೊರೆಯುತ್ತದೆ.

ಆದರೆ ಶಸ್ತ್ರಚಿಕಿತ್ಸೆ ಮುಗಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯುವಂತಿಲ್ಲ. ಮೊದಲು ಸಕ್ಕರೆ ಬೇನೆ ಇಲ್ಲದವರಲ್ಲಿಯೂ ಕಸಿಯ ತರುವಾಯ ಅದು ತಲೆದೋರುವುದುಂಟು. ನೂರು ಮಂದಿಯಲ್ಲಿ ಸುಮಾರು 10ರಿಂದ 30 ಜನರಿಗೆ ಹೀಗಾಗುತ್ತದೆ.

ಇದಕ್ಕೆ ಕಾರಣವೇನು? ಅವಳಿಗಳ ದೇಹಗಳು ಒಂದೇ ಬಗೆಯವಾದುದರಿಂದ ಹೊಸ ಅಂಗವನ್ನು ತಿರಸ್ಕರಿಸುವುದಿಲ್ಲ. ಉಳಿದವರ ದೇಹವಾದರೋ ಅದನ್ನು ಪರಕೀಯವೆಂದೆಣಿಸಿ ನಾಶಪಡಿಸಲೆಳಸುತ್ತದೆ. ಇದನ್ನು ತಡೆಯಲು ಜೀವನಪರ್ಯಂತ ಔಷಧ ಸೇವಿಸಬೇಕು. ಅವುಗಳಲ್ಲಿ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್‌ಗಳು ಮೇದೋಜೀರಕಾಂಗದಲ್ಲಿ ಇನ್ಸುಲಿನ್ ಸ್ರವಿಸುವುದನ್ನು ಕುಗ್ಗಿಸುತ್ತವೆ. ಪ್ರೆಡ್ನಿಸೋಲೋನ್ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುತ್ತದೆ. ವಯಸ್ಸು, ಸ್ಥೂಲಕಾಯ, ಮನೆತನದಲ್ಲಿ ಮಧುಮೇಹ, ಹೆಪಟೈಟಿಸ್ ಸಿ ಸೋಂಕು ಇವು ಅಪಾಯವನ್ನು ಹೆಚ್ಚಿಸುತ್ತವೆ.

ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಬಹುಮಂದಿಗೆ ರಕ್ತದ ಸಕ್ಕರೆ ಏರುತ್ತದೆ. ಔಷಧದ ಪ್ರಮಾಣ ಇಳಿದಂತೆ ಹಲವರಲ್ಲಿ ಅದೂ ಇಳಿಯುತ್ತದೆ. ಆದುದರಿಂದ ರೋಗಿಯ ಸ್ಥಿತಿ ನೆಲೆಗೊಂಡ ಬಳಿಕವೇ ಮಧುಮೇಹವೆಂದು ನಿರ್ಣಯಿಸುತ್ತಾರೆ. ಬೆಳಿಗ್ಗೆ ಪ್ರೆಡ್ನಿಸೋಲೋನ್ ನುಂಗಿದವರಲ್ಲಿ ಸಕ್ಕರೆ ಮಧ್ಯಾಹ್ನದ ಮೇಲೆ ಏರುವುದರಿಂದ, ಬರಿಹೊಟ್ಟೆಯ ಪರೀಕ್ಷೆಯೊಂದನ್ನೇ ನಂಬಿ ನಿಶ್ಚಿಂತರಾಗಬಾರದು.

ಈ ಬೇನೆಯ ದೀರ್ಘಕಾಲದ ಪರಿಣಾಮಗಳು ಗಂಭೀರವಾದವು. ಹೃದಯ ಮತ್ತು ರಕ್ತನಾಳಗಳ ರೋಗ ಹೆಚ್ಚುತ್ತದೆ, ಸೋಂಕುಗಳು ಬೇಗ ತಗಲುತ್ತವೆ, ಆಯುಷ್ಯ ಕುಂದಬಹುದು. ವರ್ಷಗಳು ಕಳೆದಂತೆ ಹೊಸ ಮೂತ್ರಪಿಂಡಕ್ಕೂ ಸಕ್ಕರೆಯಿಂದ ಹಾನಿಯಾಗಬಹುದು. ಮೂತ್ರಪಿಂಡ ಚೆನ್ನಾಗಿ ಕೆಲಸಮಾಡುತ್ತಿರುವಾಗಲೇ ಹೃದಯಾಘಾತದಿಂದ ಅಗಲುವವರೂ ಉಂಟು.

ಇಲ್ಲಿ ಒಂದು ದೊಡ್ಡ ಅನರ್ಥ ಸಂಭವಿಸಬಹುದು. ಗುಳಿಗೆಗಳಿಂದಲೇ ಸಕ್ಕರೆ ಬೇನೆ ಬಂದಿತೆಂದು ಕೇಳಿ ರೋಗಿಯು ತಾನಾಗಿಯೇ ಅವುಗಳನ್ನು ಬಿಟ್ಟರೆ, ತಾಯಿಯೋ ಸಹೋದರನೋ ಕೊಟ್ಟ ಮೂತ್ರಪಿಂಡ ಕೈತಪ್ಪಿಹೋದೀತು. ಮಧುಮೇಹವನ್ನು ಹತೋಟಿಯಲ್ಲಿಡಬಹುದು; ತಿರಸ್ಕೃತವಾದ ಅಂಗವನ್ನು ಮರಳಿ ಪಡೆಯುವುದು ದುಸ್ಸಾಧ್ಯ. ಔಷಧದ ಪ್ರಮಾಣವನ್ನು ಬದಲಿಸುವುದು, ಗುಳಿಗೆ ಅಥವಾ ಇನ್ಸುಲಿನ್ ಕೊಡುವುದು ವೈದ್ಯರಿಗೆ ಸೇರಿದ ಕೆಲಸ.

ರೋಗಿಗೆ ಸೇರಿದ ಕೆಲಸವೂ ಕಡಿಮೆಯದಲ್ಲ. ಕೃಷ್ಣೆಯ ದಡದ ಈ ನಾಡು ಕಬ್ಬಿನ ನಾಡು. ಬೆಲ್ಲವು ಸಕ್ಕರೆಯಲ್ಲವಾದುದರಿಂದ ಬಾಧಕವಿಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಆದರೆ ಬೆಲ್ಲವಾಗಲಿ, ಕಬ್ಬಿನ ಹಾಲಾಗಲಿ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತವೆ. ಜೋಳದ ರೊಟ್ಟಿ, ಕಾಳು, ಕಾಯಿಪಲ್ಲೆಗಳನ್ನು ವೈದ್ಯರು ಹೇಳಿದ ಮಿತಿಯಲ್ಲಿ ಉಣ್ಣುವುದು, ದಿನವೂ ನಡೆಯುವುದು, ತೂಕ ಏರದಂತೆ ನೋಡಿಕೊಳ್ಳುವುದು ಹಿತಕರ. ನಿಪ್ಪಾಣಿಯ ಸೀಮೆಗೆ ಹೆಸರು ತಂದ ತಂಬಾಕು ಇಂಥವರಿಗೆ ಸರ್ವಥಾ ವರ್ಜ್ಯ. ಅದು ಹೃದಯಕ್ಕೂ ಹೊಸ ಮೂತ್ರಪಿಂಡಕ್ಕೂ ವೈರಿ.

ಕಸಿಯ ವೆಚ್ಚಕ್ಕೆ ನೆರವಾಗುವ ಉದಾರಿಗಳು ಮುಂದಿನ ವರ್ಷಗಳ ಔಷಧ, ರಕ್ತಪರೀಕ್ಷೆಗಳಿಗೂ ಆಸರೆಯಾದರೆ ಆ ದಾನ ಪೂರ್ಣವಾಗುತ್ತದೆ. ಊರಿನ ಶಿಕ್ಷಕರು ಈ ತಿಳಿವಳಿಕೆಯನ್ನು ಇಂಥ ಮನೆಗಳಿಗೆ ಮುಟ್ಟಿಸಿದರೆ ಅದೂ ಒಂದು ಜೀವದಾನವೇ ಸರಿ.